ಮಾವನವರ ನುಣ್ಣನೆ ಕಾಲು

ಮಾವನವರ ಎರಡೂ ಕಾಲುಗಳು ಮಂಡಿಯಿಂದ ಪಾದದವರೆಗೆ ನುಣ್ಣಗೆ ಬೋಳಾಗಿದ್ದವು. ಅರವತ್ತರ ಹತ್ತಿರದ ರೈತನ ಕಾಲು. ಹಿಮ್ಮಡಿ ಒಡೆದು ಬೆರಳುಗಳು ಅಗಲಿಸಿಕೊಂಡಿದ್ದವು, ಮೀನಖಂಡದ ಮೇಲೆ ಕುಡುಗೋಲು ತಾಗಿದ ಹಳೆಯ ಗುರುತಿತ್ತು. ಅಂಥ ಕಾಲಿನ ಮೇಲೆ ಒಂದೇ ಒಂದು ಕೂದಲಿರಲಿಲ್ಲ. ಹಿತ್ತಿಲ ಕಲ್ಲಿನ ಮೇಲೆ ಅವನ್ನು ನೀಡಿಕೊಂಡು ಕೂತು, ನನ್ನ ಎಳೆಯ ಮಗಳನ್ನು ಅವುಗಳ ಮೇಲೆ ಬೋರಲು ಮಲಗಿಸಿಕೊಂಡು ಚೊಂಬಿನಿಂದ ನೀರು ಹುಯ್ಯುತ್ತಿದ್ದರು. ಅವರ ಹತ್ತಿರ ಜಗಳವಾಡಿ ಹೆಂಡತಿಯನ್ನೂ ಮಗುವನ್ನೂ ವಾಪಸ್ ಕರೆತರಲು ನಾನು ಕಾರು ಮಾಡಿಕೊಂಡು ಹೋಗಿದ್ದ ದಿನ ಅದು.

ಕಾಲಿನ ವಿಷಯ ನನಗೆ ಸ್ವಲ್ಪ ಗೊತ್ತು. ಕೊಳ್ಳೇಗಾಲದಲ್ಲಿ ಹಳೆ ಬೈಕು ಕೊಂಡು ಮಾರುವುದು ನನ್ನ ಕಸುಬು. ಹುಣಸೆಮರದ ಕೆಳಗೆ ಒಂದೇ ಗಾಡಿ ನಿಲ್ಲಿಸಿಕೊಂಡು ಶುರುಮಾಡಿದವನು. ಈಗ ಸ್ವಂತ ಶೆಡ್ಡಿದೆ. ವ್ಯಾಪಾರ ಕಲಿಯಬೇಕು ಅನ್ನುವವರಿಗೆ ನಾನು ಮೊದಲು ಹೇಳುವುದು, ಗಿರಾಕಿಯ ಬಾಯಿ ನೋಡಬೇಡಿ, ಕಾಲು ನೋಡಿ ಅಂತ. ಬಾಯಿ ಬೇಡ ಅನ್ನುತ್ತಿದ್ದರೂ ಕಾಲು ಗಾಡಿಯ ಕಡೆಗೇ ತಿರುಗಿರುತ್ತದೆ. ಅಲ್ಲಿ ಹಿಡಿದರೆ ಆಯಿತು. ಹಾಗೆ ಹಿಡಿದು ನನಗೆ ಬಗ್ಗಿಸಲಾಗದವರು ಒಬ್ಬರೇ, ನನ್ನ ಹೆಂಡತಿಯ ಅಪ್ಪ.

ಹನೂರಿನಿಂದ ಬೆಟ್ಟದ ದಾರಿ ಹಿಡಿದು ಒಳಗೆ ಹೋದರೆ ಅವರ ಊರು. ಹಿಪ್ಪುನೇರಳೆ ತೋಟ, ಪಕ್ಕದಲ್ಲೇ ರೇಷ್ಮೆ ಹುಳು ಸಾಕುವ ಮನೆ. ಹುಳುವಿನ ಮನೆಗೆ ಹೋಗುವ ಮುಂಚೆ ಕೈಕಾಲು ತೊಳೆದು ತೊಳೆದು ಅದೇ ರೂಢಿಯಾಗಿ, ಹನೂರಿನ ಬ್ಯಾಂಕಿಗೆ ಹೋದರೂ ಮೊದಲು ನಲ್ಲಿ ಹುಡುಕುತ್ತಿದ್ದರು. ನಮ್ಮತ್ತೆ ನಮ್ಮ ಮದುವೆಗೆ ಮುಂಚೆಯೇ ತೀರಿಕೊಂಡಿದ್ದರು.

ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು ಎಂಬುದು ನಮ್ಮ ಕಡೆಯ ಪದ್ಧತಿ. ಆದರೆ ನಮ್ಮವ್ವ ಸುತರಾಂ ಒಪ್ಪಲಿಲ್ಲ. “ಎಣ್ಣು ದಿಕ್ಕಿಲ್ದ ಮನೆಗೆ ಬಾಣಂತೀನ ಕಳಿಸಕಾಯ್ತದಾ? ನೀರು ಉಯ್ಯೋರ್ಯಾರ್ಲಾ ಅಲ್ಲಿ, ಆ ಹುಳಗಳಾ?” ಎಂದಳು. ನನಗೂ ಅದೇ ಸರಿ ಅನ್ನಿಸಿತ್ತು. ಕರೆದೊಯ್ಯುವ ಮಾತಾಡಲು ಮಾವ ಬಂದಾಗ, ಶೆಡ್ಡಿನಲ್ಲಿ ಗಿರಾಕಿಯ ಎದುರು ಕೂರುವ ಹಾಗೆಯೇ ಅವರ ಎದುರಿಗೆ ಕೂತೆ.

“ಶಾಸ್ತ್ರಕ್ಕೆ ಒಂದು ತಿಂಗ್ಳು ಕರ್ಕಂಡೋಗಿ ಮಾವ.”

“ಐದು ತಿಂಗ್ಳು ಕನಪ್ಪ.”

“ಎಲ್ಡು ಮಾಡಿ.”

“ಐದು.”

“ನಿಮ್ದೂ ಬ್ಯಾಡ ನಮ್ದೂ ಬ್ಯಾಡ, ಮೂರು.”

ಅವರು ಕಾಫಿ ಲೋಟ ಕೆಳಗಿಟ್ಟು, “ಐದು” ಎಂದರು. ದನಿ ಏರಲಿಲ್ಲ, ಇಳಿಯಲೂ ಇಲ್ಲ. ಅಭ್ಯಾಸಬಲದಿಂದ ಕಾಲು ನೋಡಿದೆ. ಅವು ನನ್ನ ಕಡೆಗಿರಲಿಲ್ಲ. ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಮಗಳ ಕಡೆಗೆ ತಿರುಗಿದ್ದವು.

“ಯಾಕ್ ಮಾವ ಈ ಹಟ?”

“ಅವ್ವನ ಜೊತೆ ತವ್ರೂ ಓಯ್ತು ಅಂತ ನನ್ ಮಗ್ಳು ಅಂದ್ಕಬಾರ್ದು. ಅಷ್ಟೇಯ.”

ಹೆರಿಗೆ ಕೊಳ್ಳೇಗಾಲದ ಆಸ್ಪತ್ರೆಯಲ್ಲಾಯಿತು. ಅಲ್ಲಿಂದ ನೇರ ತಮ್ಮ ಊರಿಗೆ ಕರೆದುಕೊಂಡು ಹೋದರು. ತಿಂಗಳು ಕಳೆದಿರಬೇಕು, ಹನೂರಿನಿಂದ ಗಾಡಿ ಮಾರಲು ಬಂದವನೊಬ್ಬ ಎಲ್ಲರೆದುರು ಕೇಳಿದ: “ಅಣ್ಣೋ, ನಿಮ್ ಮಾವಂಗೆ ಏನಾಯ್ತು? ಕಟಿಂಗ್ ಶಾಪಲ್ಲಿ ಕುಂತು ಕಾಲ್ ಬೋಳಿಸ್ಕತಾವ್ರೆ. ಅಂಗ್ಡಿ ತುಂಬ ಜನ ಬಿದ್ದು ಬಿದ್ದು ನಗ್ತಾವ್ರೆ.”

ಮನೆಗೆ ಬಂದು ಹೇಳಿದ್ದೇ ತಡ, ಅವ್ವ ಚಪ್ಪಲಿ ಮೆಟ್ಟಿದಳು. “ತಲೆ ಕೆಟ್ಟೋನ್ ಕೈಲಿ ಕೂಸ್ ಬುಟ್ಟು ಕುಂತಿವ್ನಿ ನೋಡು ನಾನು. ಕಾರ್ ಮಾಡ್ಲಾ!”

ಹೋಗಿ ಹಿತ್ತಿಲಿಗೆ ಕಾಲಿಟ್ಟಾಗ ಕಂಡದ್ದು ಮೊದಲೇ ಹೇಳಿದ ಆ ದೃಶ್ಯ. ನನ್ನ ಹೆಂಡತಿಗೆ ಎಣ್ಣೆನೀರು ಹಾಕಲು ಬರುತ್ತಿದ್ದ ಪಕ್ಕದ ಮನೆಯ ತಮಿಳು ಹೆಂಗಸು ಗೋಡೆಗೆ ಒರಗಿಕೊಂಡು, “ಮೆದುವಾ ಅಣ್ಣಾ, ಮೆಲ್ಲುಗೆ, ನೀರು ಕಿವೀಗ್ ಓದಾತು” ಎಂದು ಹೇಳಿಕೊಡುತ್ತಿದ್ದಳು.

“ಇದೇನ್ರಣ್ಣ ಕಾಲ್ನ ಇಂಗ್ ಮಾಡ್ಕಂಡಿದ್ದೀರಿ?” ಎಂದಳು ಅವ್ವ.

ಮಾವ ತಲೆ ಎತ್ತಲಿಲ್ಲ. “ಕೂದ್ಲು ಚುಚ್ತದೆ ಕನಕ್ಕ. ಕೂಸಿನ ಚರ್ಮ ಆಗ್ತಾನೆ ಪೊರೆ ಬುಟ್ಟ ಹುಳ ಇದ್ದಂಗೆ.”

“ಮೊದ್ಲು ದಿನ ಕೂಸು ಒಂದೇ ಸಮ ಚೀರ್ತು,” ಎಂದಳು ಪಕ್ಕದ ಮನೆಯವಳು. “ಮಾರ್ನೆ ದಿನ್ವೇ ಅಣ್ಣ ಹನೂರ್ಗೋಗಿ ಬೋಳಿಸ್ಕಂಡ್ ಬಂತು. ಈಗ ವಾರ ವಾರ ಓಯ್ತದೆ.”

ಅವ್ವ ಸೆರಗು ಸಿಕ್ಕಿಸಿ ಪಕ್ಕದಲ್ಲಿ ಕೂತಳು. ಮಗುವಿನ ಕತ್ತಿನ ಮಡಿಕೆ, ಕಿವಿಯ ಹಿಂದೆ, ಕಂಕುಳು ಎಲ್ಲ ಕಡೆ ಬೆರಳಾಡಿಸಿದಳು. ನಾನು ಟ್ಯಾಂಕಿನ ಅಡಿಯಲ್ಲಿ ತುಕ್ಕು ಹುಡುಕುವುದೂ ಹಾಗೆಯೇ. ಅವ್ವನಿಗೆ ಕೊಳೆ ಏನೂ ಸಿಗಲಿಲ್ಲ. “ನೀರು ಇನ್ನೊಸಿ ಬಿಸಿ ಆಗ್ಬೇಕು” ಎಂದಳು, ಏನಾದರೂ ಹೇಳಬೇಕಲ್ಲ. ತಲೆಗೆ ಬಟ್ಟೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದ ನನ್ನ ಹೆಂಡತಿ ಮುಸಿಮುಸಿ ನಗುತ್ತಿದ್ದಳು. ಅವಳ ಕೆನ್ನೆ ತುಂಬಿಕೊಂಡಿತ್ತು. ಜಗಳಕ್ಕೆಂದು ಬಂದ ನಾನು ಚಪ್ಪಲಿ ಬಿಟ್ಟು ಕಲ್ಲಿನ ಹತ್ತಿರ ಹೋದೆ.

ಮಾವ ನನ್ನನ್ನೂ ಬಿಡಲಿಲ್ಲ. “ಬಾ, ಕುಂತ್ಕಂಡು ಕಾಲ್ ಚಾಚು” ಎಂದರು. ಪ್ಯಾಂಟು ಮಡಚಿ ಕೂತೆ. ಮಗುವನ್ನು ನನ್ನ ಕಾಲಿನ ಮೇಲಿಟ್ಟದ್ದೇ, ಹಿತ್ತಿಲು ಹಾರಿಹೋಗುವಂತೆ ಅರಚಿತು.

“ನೋಡ್ದಾ? ಓಗ್ ಬೋಳಿಸ್ಕಂಡ್ ಬಾ.”

“ಗಿರಾಕಿಗಳು ನಗ್ತಾರೆ ಮಾವ.”

“ನಗ್ಲಿ ಬುಡು. ಕೂಸು ಅಳ್ಬಾರ್ದು.”

ಅವ್ವ ಕಾರು ಹತ್ತುವಾಗ ಹೇಳಿದ್ದು ಒಂದೇ ಮಾತು: “ಐದು ತಿಂಗ್ಳೂ ಇರ್ಲಿ ಕಣ್ಲಾ.”

ಮದುವೆ ಗೊತ್ತಾದ ಹುಡುಗರು ಶೆಡ್ಡಿಗೆ ಗಾಡಿ ಕೊಳ್ಳಲು ಬಂದರೆ ಬುದ್ಧಿ ಹೇಳದೆ ನಾನು ಕಳಿಸುವುದಿಲ್ಲ. ಹೆಂಡತಿಯ ಹತ್ತಿರ ಸೀರೆಗೆ, ಸಿನಿಮಾಗೆ ಎಷ್ಟಾದರೂ ಚೌಕಾಸಿ ಮಾಡಿ. ತವರಿಗೆ ಹೋಗುತ್ತೇನೆ ಅಂದಾಗ ಮಾತ್ರ ಬೇಡ. ಮಕ್ಕಳು ಕೈಗೂಸಿರುವಾಗಲೇ ನೀರು ಹಾಕುವುದು ಕಲಿತುಕೊಳ್ಳಿ. ಆಗ ಮುಟ್ಟದ ಅಪ್ಪನಿಗೆ ಅವು ಬೆಳೆದ ಮೇಲೆ ಮಾತಾಡಲು ವಿಷಯವೇ ಸಿಗುವುದಿಲ್ಲ. ಗಾಡಿಯ ಜೊತೆ ಇದು ಪುಕ್ಕಟೆ.

ಮಾವನವರು ಹೋಗಿ ಮೂರು ವರ್ಷವಾಯಿತು. ಹುಳುಗಳಿಗೆ ಸೊಪ್ಪು ಹಾಕಿ ಬಂದು, ಕೈಕಾಲು ತೊಳೆದುಕೊಂಡು ಮಲಗಿದವರು ಏಳಲಿಲ್ಲ. ಕೊನೆಯ ಸ್ನಾನಕ್ಕೆ ಆ ಕಾಲುಗಳಿಗೆ ನೀರು ಹುಯ್ದವನು ನಾನು. ಕೂದಲು ಬೆಳೆದಿತ್ತು, ಎಲ್ಲಾ ಬಿಳಿ.

ಅವರ ಕಾಲಿನ ಮೇಲೆ ಮಲಗಿದ್ದ ಆ ಮಗಳನ್ನು ಯಳಂದೂರಿಗೆ ಕೊಟ್ಟಿದ್ದೇವೆ. ಹೋದ ವಾರ ಅವಳಿಗೆ ಹೆರಿಗೆಯಾಯಿತು, ಗಂಡು ಕೂಸು. ನನ್ನ ಹೆಂಡತಿಗೆ ಮಂಡಿ ಸವೆದಿದೆ, ನೆಲದ ಮೇಲೆ ಕಾಲು ನೀಡಿ ಕೂರಲು ಆಗುವುದಿಲ್ಲ. ಬೀಗರು ಅದನ್ನು ತಿಳಿದೇ ಬಾಣಂತಿ ತಮ್ಮ ಮನೆಯಲ್ಲೇ ಇರಲಿ ಎಂದರು. ಅಳಿಯ ನನ್ನನ್ನು ಪಕ್ಕಕ್ಕೆ ಕರೆದ.

“ಎಲ್ಡು ತಿಂಗ್ಳು ಸಾಕಲ್ವಾ ಮಾವ? ಅತ್ತೆಗೂ ಕಷ್ಟ.”

“ಐದು.”

“ಮೂರು ಮಾಡ್ಕಳಿ.”

ಒಳ್ಳೆಯ ಹುಡುಗ, ಚೌಕಾಸಿಯೂ ಬರುತ್ತದೆ. “ಐದು” ಎಂದೆ.

ಮಗಳನ್ನೂ ಕೂಸನ್ನೂ ನಾಳೆ ಕರೆತರುತ್ತೇವೆ. ಇವತ್ತು ಬೆಳಿಗ್ಗೆ ಶೆಡ್ಡಿನ ಎದುರಿನ ಕಟಿಂಗ್ ಶಾಪಿಗೆ ಹೋದೆ. ಬೆಂಚಿನ ಮೇಲೆ ಕೂತಿದ್ದವರೆಲ್ಲ ನನ್ನ ಗಿರಾಕಿಗಳೇ. “ಶೇವಿಂಗಾ ಸಾ?” ಎಂದ ಅಂಗಡಿಯವನು, ಗಲ್ಲಕ್ಕೆ ನೀರು ಚಿಮುಕಿಸಲು ಬಂದ. ನಾನು ಪ್ಯಾಂಟನ್ನು ಮಂಡಿಯವರೆಗೆ ಮಡಚಿ ಎರಡೂ ಕಾಲು ಚಾಚಿದೆ. ಬೆಂಚಿನಿಂದ ಯಾರೋ ಕಿಸಕ್ಕೆಂದರು.

“ನಗ್ರಲಾ, ನಗ್ರಿ,” ಎಂದೆ. ಅಂಗಡಿಯವನಿಗೆ, “ಒಂದು ಕೂದ್ಲೂ ಉಳೀಬಾರ್ದು ಕನಪ್ಪ” ಎಂದೆ.