ಎಣ್ಣೆ ಇಡಲು ಹೊರಗಿನವರು ಬೇಕು

ಕೋವಿಡ್ ಗದ್ದಲ ಮುಗಿದ ಮರುವರ್ಷ ನಾನು ವಿದ್ಯುತ್ ಇಲಾಖೆಯ ಶಾಖಾಧಿಕಾರಿಯಾಗಿ ಹಿರೇಕೆರೂರು ಸೀಮೆಯ ಒಂದು ಊರಿನಲ್ಲಿದ್ದೆ. ಊರಿನ ಹೆಸರು ಬೇಡ, ಈ ಕತೆಯಲ್ಲಿ ಬರುವವರ ಮನೆಯವರು ಇನ್ನೂ ಅಲ್ಲೇ ಇದ್ದಾರೆ. ಕಚೇರಿ ಎಂದರೆ ಎರಡು ಕೋಣೆ, ಹಿಂದೆ ಕೆಟ್ಟ ಟ್ರಾನ್ಸ್‌ಫಾರ್ಮರ್‌ಗಳನ್ನು ಸಾಲಾಗಿ ಇಟ್ಟ ಅಂಗಳ, ಅದರಲ್ಲೊಂದು ಬೇವಿನ ಮರ. ನಿವೃತ್ತಿ ಹತ್ತಿರ ಬಂದಿತ್ತು. ಈ ನೌಕರಿ ಇನ್ನು ನನಗೆ ಹೊಸದೇನನ್ನೂ ಕಲಿಸಲಾರದು ಎಂಬ ಸೊಕ್ಕು ನನಗಿತ್ತು.

ನಮ್ಮ ಕೆಲಸದ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಅದು ಲೈನ್ ಕ್ಲಿಯರ್. ಕಂಬ ಹತ್ತುವ ಮುನ್ನ ಲೈನ್‌ಮನ್ ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ತನ್ನ ಲೈನಿನ ಕರೆಂಟ್ ತೆಗೆಸುತ್ತಾನೆ. ಕೆಲಸ ಮುಗಿಸಿ ಕೆಳಗಿಳಿದ ಮೇಲೆ ಅವನೇ, ತನ್ನ ಬಾಯಿಂದಲೇ, ಮುಗಿಯಿತೆಂದು ತಿಳಿಸಬೇಕು. ಅಲ್ಲಿಯ ತನಕ ಆಪರೇಟರ್ ಸ್ವಿಚ್ ಮುಟ್ಟುವಂತಿಲ್ಲ. ಕಂಬದ ಮೇಲಿದ್ದವನ ಜೀವ ಆ ಒಂದು ಮಾತಿನ ಮೇಲೆ ನಿಂತಿರುತ್ತದೆ.

ನಮ್ಮ ಶಾಖೆಯಲ್ಲಿ ಇಬ್ಬರು ಬಸವರಾಜರಿದ್ದರು. ಅದರಲ್ಲಿ ಅತಿಶಯವೇನೂ ಇಲ್ಲ, ನಮ್ಮ ಕಡೆಯ ಬಸ್ಸಿನಲ್ಲಿ ಬಸವರಾಜಾ ಎಂದು ಕೂಗಿದರೆ ಅರ್ಧ ಬಸ್ಸು ತಿರುಗಿ ನೋಡುತ್ತದೆ. ಒಬ್ಬ ಹಂಸಭಾವಿಯವನು, ಇನ್ನೊಬ್ಬ ರಟ್ಟೀಹಳ್ಳಿಯವನು. ಎದುರಿಗೆ ನಿಂತಾಗ ಯಾರಿಗೂ ಗೊಂದಲವಾಗುತ್ತಿರಲಿಲ್ಲ. ಹಂಸಭಾವಿಯವನು ನಗುನಗುತ್ತಾ ಓಡಾಡುವವನು, ರಟ್ಟೀಹಳ್ಳಿಯವನು ಮುಂಗೋಪಿ. ಆದರೆ ಫೋನಿನಲ್ಲಿ ಇಬ್ಬರೂ ಬರೀ ಬಸವರಾಜ.

ಮುಂಗಾರು ಗಾಳಿಗೆ ಎಲ್ಲ ಕಡೆ ತಂತಿ ಹರಿದು ಬಿದ್ದಿದ್ದ ದಿನ. ಇಬ್ಬರೂ ಬೇರೆ ಬೇರೆ ಲೈನಿನ ಮೇಲೆ ಲೈನ್ ಕ್ಲಿಯರ್ ತೆಗೆದುಕೊಂಡಿದ್ದರು. ರಟ್ಟೀಹಳ್ಳಿಯವನ ಕೆಲಸ ಮೊದಲು ಮುಗಿಯಿತು. ಅವನು ಫೋನ್ ಮಾಡಿ, ‘ನಾ ಬಸವರಾಜ ರೀ, ನಮ್ದು ಆತು, ಹಾಕ್ರಿ’ ಎಂದ. ಸಬ್‌ಸ್ಟೇಷನ್ನಿನಲ್ಲಿ ಆಪರೇಟರ್ ಆಗಿದ್ದವನು ಶಿಗ್ಗಾಂವಿಯ ನಾಗರಾಜ. ಊರೂರಿನಿಂದ ಕರೆಗಳು ಬಂದು ಕಿವಿ ತೂತು ಬೀಳುವಂತಾಗಿದ್ದ ಹೊತ್ತು. ಅವನು ಹಾಕಿದ, ಆದರೆ ಇನ್ನೊಬ್ಬ ಬಸವರಾಜನ ಲೈನಿಗೆ.

ಹಂಸಭಾವಿಯ ಬಸವರಾಜ ಕಂಬದ ಮೇಲೆಯೇ ಹೋದ. ಅವನನ್ನು ಕೆಳಗಿಳಿಸುವಾಗ ನಾನು ಅಲ್ಲಿದ್ದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ವಿಚಾರಣೆಯಾಯಿತು. ಪೂರ್ತಿ ಹೆಸರು ಹೇಳದ್ದು ಒಬ್ಬನ ತಪ್ಪು, ಕೇಳದ್ದು ಇನ್ನೊಬ್ಬನ ತಪ್ಪು, ಕರೆಂಟ್ ಬಂದರೂ ನೆಲಕ್ಕೆ ಹರಿದುಹೋಗುವಂತೆ ತಂತಿಗೆ ಅರ್ಥಿಂಗ್ ಹಾಕದೇ ಹತ್ತಿದ್ದು ಸತ್ತವನ ತಪ್ಪು ಎಂದಾಯಿತು. ನಾಗರಾಜನನ್ನು ಅಮಾನತು ಮಾಡಿದರು. ತಿಂಗಳೊಪ್ಪತ್ತಿನಲ್ಲಿ ಅಮಾನತು ತೆರವಾಯಿತು, ಆದರೆ ಬೇರೆ ಕಡೆ ಜಾಗವಿಲ್ಲವೆಂದು ಅದೇ ಸಬ್‌ಸ್ಟೇಷನ್ನಿಗೇ ಹಾಕಿದರು. ಮೇಲಿನವರಿಗೆ ಅದು ಖಾಲಿ ಹುದ್ದೆ ತುಂಬುವ ಕೆಲಸ, ನಮಗೆ ಗಾಯದ ಮೇಲೆ ಉಪ್ಪು.

ಅವನ ಮಾತಿನ ಮೇಲೆ ಯಾರೂ ಕಂಬ ಹತ್ತಲಿಲ್ಲ. ಅವನು ಲೈನ್ ತೆಗೆದೆ ಎಂದರೆ ಒಬ್ಬ ಬೈಕ್ ಹತ್ತಿ ಸಬ್‌ಸ್ಟೇಷನ್ನಿಗೆ ಹೋಗಿ ಕಣ್ಣಾರೆ ನೋಡಿ ಬರುವ ತನಕ ಉಳಿದವರು ಕಂಬದ ಬುಡದಲ್ಲಿ ಕುಳಿತಿರುತ್ತಿದ್ದರು. ಕ್ರಮೇಣ ಒಬ್ಬರ ಮಾತನ್ನು ಇನ್ನೊಬ್ಬರೂ ನಂಬದಾದರು. ಚಹಾಕ್ಕೆ ನಾಗರಾಜನನ್ನು ಕರೆಯುವವರಿರಲಿಲ್ಲ. ಅವನ ಮೇಲೆ ಎಲ್ಲರಿಗಿಂತ ಹೆಚ್ಚು ಹರಿಹಾಯುತ್ತಿದ್ದವನು ರಟ್ಟೀಹಳ್ಳಿಯ ಬಸವರಾಜ. ಅವನ ಸಿಟ್ಟಿನ ಬೇರು ಅವನದೇ ಆ ಫೋನ್ ಕರೆಯಲ್ಲಿದೆ ಎಂದು ಎಲ್ಲರಿಗೂ ಗೊತ್ತಿತ್ತು.

ಒಂದು ದಿನ ನಾಗರಾಜನ ಹೆಂಡತಿ ನನಗೆ ಫೋನ್ ಮಾಡಿದಳು. ‘ಅವ್ರು ಸರಿಯಾಗಿ ಉಣ್ಣಾಕತ್ತಿಲ್ರಿ ಸಾಹೇಬ್ರ. ಮಾತೂ ಇಲ್ಲ. ನಂಗ ಭಾಳ ಹೆದರಿಕಿ ಆಗೇತ್ರಿ’ ಎಂದಳು. ಯಾವುದಕ್ಕೆ ಹೆದರಿಕೆ ಎಂದು ನಾನು ಕೇಳಲಿಲ್ಲ. ನನಗೂ ಅದೇ ಹೆದರಿಕೆ ಇತ್ತು. ಒಬ್ಬನನ್ನು ಕಳೆದುಕೊಂಡಾಗಿತ್ತು, ಇನ್ನೊಬ್ಬ ನಮ್ಮ ಕಣ್ಣೆದುರಿಗೇ ಸವೆಯುತ್ತಿದ್ದ.

ಇಂಥ ಹೊತ್ತಿನಲ್ಲಿ ಮೇಲಿನಿಂದ ಸುತ್ತೋಲೆ ಬಂತು. ಸಿಬ್ಬಂದಿಯ ಒಗ್ಗಟ್ಟಿಗಾಗಿ ‘ಟೀಮ್ ಬಿಲ್ಡಿಂಗ್’ ಚಟುವಟಿಕೆ ಮಾಡಿ ಫೋಟೋ ಕಳಿಸಬೇಕು. ಹಿಂದೊಮ್ಮೆ ಹುಬ್ಬಳ್ಳಿಯ ತರಬೇತಿಯಲ್ಲಿ ಕಾಗದದ ಲೋಟಗಳ ಗೋಪುರ ಕಟ್ಟಿಸಿದ್ದರು. ದಿನಾ ಕಂಬ ನಿಲ್ಲಿಸುವವರ ಕೈಯಲ್ಲಿ ಲೋಟ ನಿಲ್ಲಿಸಿದ ಮಹಾನುಭಾವರು. ಈ ಸಲದ ಸಲಹೆಗಳಲ್ಲಿ ಒಂದು ಮಾತ್ರ ನನಗೆ ಮನುಷ್ಯರು ಬರೆದದ್ದು ಅನ್ನಿಸಿತು: ಎಲ್ಲರೂ ಕೂಡಿ ಅಡುಗೆ ಮಾಡುವುದು.

ನಮ್ಮಲ್ಲಿ ಅದು ಮೊದಲೇ ಇತ್ತು. ಪ್ರತಿ ಆಯುಧಪೂಜೆಗೆ ಲೈನ್‌ಮನ್‌ಗಳೇ ಬೇವಿನ ಮರದ ಕೆಳಗೆ ಒಲೆ ಹೂಡಿ ಗೋಧಿ ಹುಗ್ಗಿ, ಅನ್ನ, ಸಾರು, ಮಿರ್ಚಿ ಮಾಡುತ್ತಿದ್ದರು. ಬಾಣಲೆಯ ಮುಂದೆ ಕೂಡುತ್ತಿದ್ದವನು ಹಂಸಭಾವಿಯ ಬಸವರಾಜ. ಮೆಣಸಿನಕಾಯಿಯನ್ನು ಹಿಟ್ಟಿನಲ್ಲಿ ಅದ್ದಿ ಎಣ್ಣೆಗೆ ಬಿಡುತ್ತಾ ಎಲ್ಲರ ಕಾಲೆಳೆಯುತ್ತಿದ್ದ. ಆ ಹಬ್ಬ ಮತ್ತೆ ಆಗಬೇಕು, ನಾಗರಾಜನೂ ಬಂದು ಉಣ್ಣಬೇಕು ಎಂದುಕೊಂಡು ನಾನು ಎಲ್ಲರನ್ನೂ ಸೇರಿಸಿದೆ.

ಹುಗ್ಗಿಗೆ ಒಪ್ಪಿದರು. ಮಿರ್ಚಿಯ ಮಾತು ಬಂದಾಗ ಎಲ್ಲರೂ ತಲೆ ತಗ್ಗಿಸಿದರು. ಹಿರಿಯ ಲೈನ್‌ಮನ್ ಸವಣೂರಿನ ಖಾದರಸಾಬ ಮೆಲ್ಲಗೆ, ‘ಎಣ್ಣಿ ಇಡಾಕ ಬರೂದಿಲ್ರಿ ಸಾಹೇಬ್ರ’ ಎಂದ.

ಮನೆಯಲ್ಲಿ ಸಾವಾದರೆ ನಮ್ಮ ಕಡೆ ಹಬ್ಬಕ್ಕೆ ಎಣ್ಣೆ ಇಡುವುದಿಲ್ಲ, ಅಂದರೆ ಬಾಣಲೆಯಲ್ಲಿ ಏನನ್ನೂ ಕರಿಯುವುದಿಲ್ಲ. ಬೀಗರೋ ನೆಂಟರೋ ಹೊರಗಿನಿಂದ ಬಂದು ಎಣ್ಣೆ ಇಟ್ಟು, ಏನಾದರೂ ಕರಿದು, ಮನೆಯವರ ಬಾಯಿಗೆ ಕೊಟ್ಟು ಹೋಗಬೇಕು. ಆಮೇಲೆಯೇ ಆ ಮನೆಗೆ ಹಬ್ಬ. ಇದು ನನಗೂ ಗೊತ್ತಿದ್ದದ್ದೇ. ಆದರೆ ಸರಕಾರಿ ಕಚೇರಿಯೂ ಸಾವಿನ ಮನೆಯಾಗುತ್ತದೆ ಎಂದು ನನಗೆ ಹೊಳೆದಿರಲಿಲ್ಲ. ಖಾದರಸಾಬನ ಮನೆಯಲ್ಲಿ ಈ ಪದ್ಧತಿ ಇದೆಯೋ ಇಲ್ಲವೋ, ಸತ್ತ ಗೆಳೆಯನಿಗಾಗಿ ಅವನೂ ಅದನ್ನು ಹಿಡಿದಿದ್ದ.

ಕರಿದದ್ದು ಬೇಕೆಂದರೆ ತಾನು ಸವಣೂರಿನಿಂದ ಅಂಗಡಿಯ ಖಾರಾ ತರುತ್ತೇನೆ, ಕೊಂಡು ತಂದದ್ದಕ್ಕೆ ದೋಷವಿಲ್ಲ ಎಂದ ಖಾದರಸಾಬ. ನಾನು ಬಿಡಲಿಲ್ಲ. ಹೊರಗಿನವರು ಯಾರಾದರೂ ಬಂದು ಎಣ್ಣೆ ಇಡಲಿ, ನಾನೇ ಇಡಲೇ ಎಂದು ಕೇಳಿದೆ. ಇಲ್ಲ, ನೀವೂ ಇದೇ ಮನೆಯವರು ಎಂದರು.

ಆಗ ರಟ್ಟೀಹಳ್ಳಿಯ ಬಸವರಾಜ ಸಿಡಿದ. ‘ಹೊರಗಿನಾಂವ ಬೇಕಂದ್ರ ನಾಗ್ಯಾ ಅದಾನಲ್ಲ. ಅವನ್ನ ಕರೀರಿ’ ಎಂದ.

ಕುಹಕಕ್ಕೆ ಆಡಿದ ಮಾತು. ಆದರೆ ಖಾದರಸಾಬ ಎದ್ದು, ‘ಹೂಂ, ಅವನ್ನ ಕರಿಯೂಣು. ನಾವ ಹೊರಗ ಹಾಕೇವಿ, ಈಗ ಅವನಕಿಂತ ಹೊರಗಿನಾಂವ ಯಾರದಾರ?’ ಎಂದು ಚಪ್ಪಲಿ ಮೆಟ್ಟಿ ಸಬ್‌ಸ್ಟೇಷನ್ನಿನ ದಾರಿ ಹಿಡಿದ.

ಆಯುಧಪೂಜೆಯ ದಿನ ನಾಗರಾಜ ಬಂದ. ಅಂಗಿ ಅವನದೇ, ಆದರೆ ಮೈಮೇಲೆ ಜೋತಾಡುತ್ತಿತ್ತು. ಹುಗ್ಗಿ ಕುದಿಯುತ್ತಿತ್ತು. ಅವನು ಬಾಣಲೆಯ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು ಎಣ್ಣೆಯ ಡಬ್ಬಿಯನ್ನು ಕೈಯಲ್ಲಿ ಹಿಡಿದುಕೊಂಡ. ಅವನ ಬೆನ್ನ ಹಿಂದೆ ರಟ್ಟೀಹಳ್ಳಿಯ ಬಸವರಾಜ ಕಡಲೆ ಹಿಟ್ಟು ಕಲಸುತ್ತಿದ್ದ. ಕಲಸಿ ಮುಗಿಸಿ, ಯೋಚನೆಯಿಲ್ಲದೆ, ‘ನಮ್ದು ಆತು, ಹಾಕ್ರಿ’ ಎಂದುಬಿಟ್ಟ.

ನಾಗರಾಜನ ಕೈ ನಿಂತಿತು. ಅಂಗಳದಲ್ಲಿದ್ದವರೆಲ್ಲ ನಿಂತಲ್ಲೇ ನಿಂತರು. ಆ ಮಾತನ್ನು ಕೇಳದವರು ನಮ್ಮಲ್ಲಿ ಯಾರೂ ಇರಲಿಲ್ಲ, ವಿಚಾರಣೆಯಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಸಿದ್ದರು.

ನಾಗರಾಜ ಹಿಂದೆ ತಿರುಗಲಿಲ್ಲ. ಬಾಣಲೆಯನ್ನೇ ನೋಡುತ್ತಾ, ‘ಯಾರು ಮಾತಾಡೋದು? ಪೂರಾ ಹೆಸರು ಹೇಳ್ರಿ’ ಎಂದ.

ಬಸವರಾಜನ ಕೈಯಿಂದ ಹಿಟ್ಟು ತೊಟ್ಟಿಕ್ಕುತ್ತಿತ್ತು. ‘ಬಸವರಾಜ’ ಎಂದು ನಿಲ್ಲಿಸಿದ. ಆಮೇಲೆ, ‘ಬಸವರಾಜ ಈರಪ್ಪ. ರಟ್ಟೀಹಳ್ಳಿಯಾಂವ. ಅವತ್ತೂ ನಾನ ಮಾತಾಡಿದ್ದು’ ಎಂದ.

ನಾಗರಾಜ ಎಣ್ಣೆ ಸುರಿದ.

ಮೊದಲ ಮಿರ್ಚಿಯನ್ನು ಅವನು ಬಸವರಾಜನ ಕೈಗೇ ಕೊಟ್ಟ. ಅವನು ಬಿಸಿಬಿಸಿಯಾಗಿಯೇ ತಿಂದ, ಕಣ್ಣಲ್ಲಿ ನೀರು ಬಂದದ್ದು ಖಾರಕ್ಕೆಂದು ನಾವೆಲ್ಲ ಅಂದುಕೊಂಡೆವು. ಇಬ್ಬರೂ ಅಪ್ಪಿಕೊಂಡರು ಎಂದು ಬರೆಯಲು ಚೆನ್ನಾಗಿರುತ್ತದೆ, ಹಾಗೇನೂ ಆಗಲಿಲ್ಲ. ಎಲ್ಲರಿಗೂ ಕರಿದು ಕೊಟ್ಟ ನಾಗರಾಜ ತಾನು ಒಂದು ತುಂಡೂ ಮುಟ್ಟದೆ ಡ್ಯೂಟಿ ಇದೆಯೆಂದು ಎದ್ದು ಹೋದ. ಖಾದರಸಾಬ ಒಂದು ಡಬ್ಬಿಯಲ್ಲಿ ಹುಗ್ಗಿ ಹಾಕಿಕೊಂಡು ಅವನ ಹಿಂದೆಯೇ ನಡೆದ. ಅಲ್ಲಿ ಕುಳಿತು ಅವನಿಗೆ ಉಣ್ಣಿಸಿ ಬಂದೆ ಎಂದು ಸಂಜೆ ಹೇಳಿದ. ಫೋಟೋ ತೆಗೆಯುವುದು ನನಗೆ ಮರೆತೇಹೋಗಿತ್ತು, ಮೇಲಿನಿಂದ ಮೆಮೊ ಬಂತು.

ಮರುದಿನದಿಂದ ನಮ್ಮ ಶಾಖೆಯಲ್ಲಿ ಯಾರೂ ಬರೀ ಹೆಸರು ಹೇಳಿ ಲೈನ್ ಕ್ಲಿಯರ್ ಕೇಳಲಿಲ್ಲ. ಹೆಸರು, ತಂದೆಯ ಹೆಸರು, ಊರು. ಗುರುತಿನವನೇ ಇದ್ದರೂ ನಾಗರಾಜ ಕೇಳುತ್ತಿದ್ದ, ಇವರು ಬೇಸರವಿಲ್ಲದೆ ಹೇಳುತ್ತಿದ್ದರು. ಬೈಕ್ ಕಳಿಸಿ ನೋಡಿಸುವುದು ನಿಂತಿತು. ನಿಯಮದಲ್ಲಿ ಎಂದಿನಿಂದಲೋ ಇದ್ದದ್ದೇ ಅದು, ಒಂದು ಜೀವ ಹೋದ ಮೇಲೆ ನಾಲಿಗೆಗೆ ಬಂತು. ಕೆಲವು ತಿಂಗಳಿಗೆ ನಾಗರಾಜನಿಗೆ ಹಾನಗಲ್ಲಿಗೆ ವರ್ಗವಾಯಿತು. ಅನಂತರ ನಾನು ನಿವೃತ್ತನಾದೆ.

ಹೋದ ವರ್ಷ ಮಹಾನವಮಿಯ ಮುಂಚೆ ಒಂದು ಫೋನ್ ಬಂತು. ‘ನಾ ಬಸವರಾಜ ಈರಪ್ಪ, ರಟ್ಟೀಹಳ್ಳಿಯಾಂವ ಮಾತಾಡಾಕತ್ತೇನ್ರಿ ಸಾಹೇಬ್ರ. ಹಬ್ಬಕ್ಕ ಬಂದು ಎಣ್ಣಿ ಇಟ್ಟು ಹೋಗ್ಬೇಕ್ರಿ. ಈಗ ನೀವು ಹೊರಗಿನವ್ರಾದ್ರಿ.’

ಎಣ್ಣೆ ಇಡಬೇಕೆಂದರೆ ಮತ್ತೆ ಯಾರೋ ಹೋಗಿದ್ದಾರೆ. ಯಾರು ಎಂದು ಕೇಳಿದೆ. ‘ನಾಗರಾಜ ರೀ’ ಎಂದ. ಡ್ಯೂಟಿಯ ಮೇಲೆಯೇ ಎದೆನೋವು ಬಂದು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟನಂತೆ. ಅವನು ಹಾನಗಲ್ಲಿನ ಕಚೇರಿಯವನಲ್ಲವೇನಪ್ಪ ಎಂದೆ.

‘ಅಲ್ರಿ,’ ಎಂದ ಬಸವರಾಜ. ‘ನಮ್ಮಾಂವ ರೀ.’

ನಾನು ಹೋದೆ. ಅದೇ ಬೇವಿನ ಮರ, ಅದೇ ಬಾಣಲೆ. ದನಿಯ ಗುರುತು ಸಿಕ್ಕಿತೆಂದರೆ ಮನುಷ್ಯನ ಗುರುತು ಸಿಕ್ಕಿತೆಂದಲ್ಲ, ಯಾರೆಂದು ಕೇಳಲೇಬೇಕು ಎಂಬುದು ಈ ನೌಕರಿ ನನಗೆ ಕಲಿಸಿದ ಪಾಠ. ಹಿಂದಿನಿಂದ ಯಾರೋ ಹಾಕ್ರಿ ಎಂದರು. ನಾನು ಹೆಸರು ಕೇಳಿದೆ, ಅವರು ಪೂರ್ತಿ ಹೇಳಿದರು. ಆಮೇಲೆ ಎಣ್ಣೆ ಸುರಿದೆ.