ವೈಜಯಂತಿ ಅಕ್ಕೋರ ತೂತು ಹಾಳೆಗಳು

ವೈಜಯಂತಿಗೆ ಚಿತ್ರ ಬರೆಯಲು ಬರುತ್ತಿರಲಿಲ್ಲ. ಇದನ್ನು ಅವಳು ಮುಚ್ಚಿಟ್ಟವಳಲ್ಲ, ಮುಚ್ಚಿಡಲು ಆಗುವಂಥದ್ದೂ ಅಲ್ಲ. ಅಂಕೋಲೆಯ ಹತ್ತಿರದ ಕೇಣಿ ಎಂಬ ಊರಿನ ಶಾಲೆಯಲ್ಲಿ ಒಂದನೇ, ಎರಡನೇ ಇಯತ್ತೆಗೆ ಕಲಿಸುವ ಅಕ್ಕೋರು ದಿನಕ್ಕೊಮ್ಮೆಯಾದರೂ ಬೋರ್ಡಿನ ಮೇಲೆ ಆಕಳನ್ನೋ ಆನೆಯನ್ನೋ ಬರೆಯಲೇಬೇಕಲ್ಲ. ಅವಳು ಆಕಳು ಬರೆದು ಕೋಲು ತೋರಿಸಿದರೆ ಮಕ್ಕಳೆಲ್ಲ ಒಂದೇ ದನಿಯಲ್ಲಿ "ನಾಯಿ!" ಎನ್ನುತ್ತಿದ್ದವು. ಅವಳು ಅವಸರದಲ್ಲಿ ಎರಡು ಕೋಡು ಬರೆದರೆ, "ಕೋಡಿನ ನಾಯಿ!" ಮಕ್ಕಳ ಜೊತೆ ಅವಳೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಆದರೆ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು. ಕಾರವಾರದ ಅವಳ ತವರುಮನೆಯಲ್ಲಿ ಎಲ್ಲರದ್ದೂ ಬಣ್ಣದ ಕೈ. ತುಳಸಿ ಮದುವೆಯ ದಿನ ಅವಳ ತಾಯಿ, ಅವಳ ಬಾಯಲ್ಲಿ ಆಯಿ, ಮತ್ತು ಅಣ್ಣನ ಹೆಂಡತಿ ವೈನಿ ಸೇರಿ ಅಂಗಳದಲ್ಲಿ ಹಾಕುವ ರಂಗೋಲಿ ನೋಡಲು ಓಣಿಯವರೆಲ್ಲ ಬರುತ್ತಿದ್ದರು. ವೈಜಯಂತಿಯ ಪಾಲಿಗೆ ಬರುತ್ತಿದ್ದದ್ದು ಬಣ್ಣದ ಬಟ್ಟಲು ಹಿಡಿದು ನಿಲ್ಲುವ ಕೆಲಸ. "ನೀ ದೂರ ನಿಲ್ಲು ಬಾಯಿ, ಸೆರಗು ತಾಗೀತು" ಎಂದು ಆಯಿ, ಮಗಳನ್ನು ಕೊಂಕಣಿಯಲ್ಲಿ 'ಬಾಯಿ' ಎಂದು ಕರೆಯುತ್ತ, ಪ್ರೀತಿಯಿಂದಲೇ ಹೇಳುತ್ತಿದ್ದಳು. ಮದುವೆಯಾಗಿ ಅಂಕೋಲೆಗೆ ಬಂದು, ಬಾಳೆಗುಳಿಯ ಹತ್ತಿರ ಮನೆ ಮಾಡಿ, ನೌಕರಿಯಲ್ಲಿ ಹಳಬಳಾದರೂ ಆ ಬಟ್ಟಲು ಹಿಡಿದ ಹುಡುಗಿ ಅವಳೊಳಗೆ ಹಾಗೆಯೇ ನಿಂತಿದ್ದಳು.

ಅವಳ ದೆಸೆ ತಿರುಗಿದ್ದು ಗಂಡನ ಎಲುಬು ಮುರಿದದ್ದರಿಂದ. ದೇವಿದಾಸ ಅಂಕೋಲೆಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತ. ೨೦೦೩ರ ಮಳೆಗಾಲದಲ್ಲಿ ಬಾಳೆಗುಳಿ ತಿರುವಿನಲ್ಲಿ ಅವನ ಸ್ಕೂಟರು ಜಾರಿ ಹೆಗಲಿನ ಎಲುಬು ಬಿರುಕು ಬಿಟ್ಟಿತು. ಕಾರವಾರಕ್ಕೆ ಹೋಗಿ ಎಕ್ಸ್‌ರೇ ತೆಗೆಸಿ, ಪಟ್ಟಿ ಕಟ್ಟಿಸಿಕೊಂಡು ಬಂದ. ಎಲುಬು ಕೂಡಿಕೊಂಡಿತು. ಎಕ್ಸ್‌ರೇ ಹಾಳೆಗಳು ಕಪಾಟಿನ ಮೇಲೆ ಉಳಿದವು.

ಚೌತಿಗೆ ಮನೆ ಸಾರಿಸುವಾಗ ಆ ಹಾಳೆಗಳು ವೈಜಯಂತಿಯ ಕೈಗೆ ಬಂದವು. ಎಸೆಯಲೆಂದು ಮಡಚಲು ಹೋದರೆ ಮಡಚದೆ ಪಟ್ಟನೆ ಎದ್ದು ನಿಂತವು. ಹರಿಯುವುದಿಲ್ಲ, ನೆನೆಯುವುದಿಲ್ಲ. ಬೇಲೆಕೇರಿಯಲ್ಲಿ ದೋಣಿಗೆ ನಂಬರು ಹಾಕುವವನು ಕೊರೆದ ತಗಡನ್ನು ಹಲಗೆಗೆ ಒತ್ತಿ ಹಿಡಿದು, ತೂತಿನ ಮೇಲೆ ಬಣ್ಣ ಸವರಿ, ತಗಡು ಎತ್ತಿದರೆ ಅಂಕಿಗಳು ಮುದ್ದಾಗಿ ಮೂಡುವುದನ್ನು ಅವಳು ಎಷ್ಟೋ ಸಲ ನಿಂತು ನೋಡಿದ್ದಳು. ಈಗ ಅದು ನೆನಪಾಯಿತು. ಗಂಡ ದಾಡಿ ಮಾಡಿಕೊಳ್ಳುವ ಬ್ಲೇಡು ತಂದಳು. ಆದರೆ ಕೊರೆಯಬೇಕಾದರೂ ಮೊದಲು ಗೀಟು ಎಳೆಯಬೇಕಲ್ಲ! ಸ್ವಲ್ಪ ಹೊತ್ತು ಯೋಚಿಸಿದಳು. ಆಮೇಲೆ ಅಡುಗೆಮನೆಗೆ ಹೋಗಿ, ಮಧ್ಯಾಹ್ನದ ಸಾರಿಗೆ ತೊಳೆದಿಟ್ಟಿದ್ದ ಬಂಗಡೆಯೊಂದನ್ನು ತಂದು ಹಾಳೆಯ ಮೇಲೆ ಮಲಗಿಸಿ, ಸುತ್ತಲೂ ಸೂಜಿಯಿಂದ ಗೀರಿದಳು.

ದೇವಿದಾಸ ಬಾಗಿಲಲ್ಲಿ ನಿಂತು ನೋಡಿದ. "ವೈಜೂ, ಎಂತದೇ ಇದು? ನನ್ನ ಎಲುಬಿನ ಮೇಲೆ ಬಂಗಡೆ ಮಲಗಿಸಿದ್ಯಾ?"

"ನಿಮ್ಮ ಎಲುಬು ಈಗಾದ್ರೂ ಉಪಯೋಗಕ್ಕೆ ಬಂತಲಾ, ಸುಮ್ನಿರಿ."

ಆ ದಿನ ಊಟ ತಡವಾಯಿತು, ಆದರೆ ಮೀನು ಮೂಡಿತು. ಸ್ಪಂಜಿನ ತುಂಡನ್ನು ನೀಲಿ ಬಣ್ಣದಲ್ಲಿ ಅದ್ದಿ, ಹಿಂಡಿ, ತೂತಿನ ಮೇಲೆ ಮೆತ್ತಗೆ ತಟ್ಟಿ ಹಾಳೆ ಎತ್ತಿದಾಗ ಕಾಗದದ ಮೇಲೆ ಬಂಗಡೆಯೇ ಬಂಗಡೆ. ನಾಯಿ ಅನ್ನಲು ಯಾರಿಗೂ ಸಾಧ್ಯವಿರಲಿಲ್ಲ. ವೈಜಯಂತಿ ಒಂದರ ಪಕ್ಕ ಒಂದು ಹೊಡೆಯುತ್ತಲೇ ಹೋದಳು, ಬಣ್ಣ ಮುಗಿಯುವವರೆಗೆ.

ಅವಳ ಪಾಠ ಟಿಪ್ಪಣಿಯ ಪುಸ್ತಕ ಅಂದಿನಿಂದ ಬೇರೆಯೇ ಆಯಿತು. ಪ್ರತಿ ವಾರ ಏನು ಕಲಿಸಬೇಕೆಂದು ಬರೆದುಕೊಳ್ಳುವ ಆ ಪುಸ್ತಕವೆಂದರೆ ಅವಳಿಗೆ ಮೊದಲು ಬೇಸರ. ಈಗ ರವಿವಾರ ಸಂಜೆಯಾದರೆ ಅದನ್ನೇ ಹರಡಿಕೊಂಡು ಕೂರುತ್ತಿದ್ದಳು. ಗಣಿತದ ದಿನಕ್ಕೆ ಚಿಪ್ಪಿಗಳ ಸಾಲು, ಹಾಡಿನ ದಿನಕ್ಕೆ ಗೋಳಿ ಮರದ ಎಲೆ, ಪರೀಕ್ಷೆಯ ವಾರಕ್ಕೆ ಅಂಚಿನಲ್ಲಿ ಕೆಂಪು ಏಡಿ. ಹಳೆಯ ಹಲ್ಲುಜ್ಜುವ ಬ್ರಶ್ಶಿಗೆ ಬಣ್ಣ ಹಚ್ಚಿ ಹಣಿಗೆಗೆ ಉಜ್ಜಿದರೆ ಎಲೆಯ ಸುತ್ತ ಇಬ್ಬನಿಯ ಹಾಗೆ ಹನಿ ಸಿಡಿಯುತ್ತಿತ್ತು. ಜನವರಿಯಲ್ಲಿ ಅಂಗಡಿಯವರು, ಗೊಬ್ಬರದವರು ದೇವಿದಾಸನಿಗೆ ಕೊಡುವ ಪುಕ್ಕಟೆ ಡೈರಿಗಳೆಲ್ಲ ಅವಳ ಪಾಲಾದವು. ಅವಕ್ಕೆ ಮೀನು, ಹೂವು ಹಾಕಿ ಜೊತೆಯ ಅಕ್ಕೋರುಗಳಿಗೆ ಹಂಚಿದಳು. ಮಕ್ಕಳು ಅವಳ ಕೊರೆದ ಹಾಳೆಗಳಿಗೆ 'ತೂತು ಹಾಳೆ' ಎಂದು ಹೆಸರಿಟ್ಟರು. ಸ್ಟೆನ್ಸಿಲ್ ಎಂಬ ಶಬ್ದ ಕೇಣಿಯಲ್ಲಿ ಯಾರ ನಾಲಗೆಗೂ ಹತ್ತಲಿಲ್ಲ.

ಶಿಕ್ಷಕರ ತಿಂಗಳ ಸಭೆಯಲ್ಲಿ ಅವಳ ಟಿಪ್ಪಣಿ ಪುಸ್ತಕ ಕೈಯಿಂದ ಕೈಗೆ ಹೋಗಿ ರಾಜೀವ ಮಾಸ್ತರರ ಮುಂದೆ ನಿಂತಿತು. ಅವರು ಅಂಕೋಲೆಯ ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರರು. ಕನ್ನಡಕ ಹಣೆಗೇರಿಸಿ ನೋಡಿದರು.

"ಅಚ್ಚು ಒತ್ತಿದ್ದಕ್ಕೆ ಚಿತ್ರ ಅನ್ನೂದಿಲ್ಲ ಅಕ್ಕೋರೆ."

"ನಾ ಚಿತ್ರ ಅಂದೇ ಇಲ್ಲಲಾ ಮಾಸ್ತರ್ರೆ. ಚಿತ್ರ ಬರೂದಿಲ್ಲ ಅಂತ್ಲೇ ಅಚ್ಚು."

ಮಾಸ್ತರರು ಇನ್ನೊಂದು ಪುಟ ತಿರುಗಿಸಿದರು. ಹೂವಿನ ನಡುವೆ ಇರಬೇಕಾದ ಬೊಟ್ಟು ಇರಲಿಲ್ಲ. ಅಲ್ಲಿ ದೊಡ್ಡ ಬಣ್ಣದ ಗುಡ್ಡೆ ಮಾತ್ರ. "ಇದು ಯಾಕೆ ಹೀಂಗೆ?"

"ದುಂಡಗೆ ಕೊರೆದ್ರೆ ನಡುವಿನ ತುಂಡು ಕಳಚಿ ಬೀಳ್ತದೆ."

"ಬೀಳದೆ ಏನು? ಅದನ್ನ ಹಿಡಿದಿಡೂದು ಯಾರು? ನಡುವೆ ಸಣ್ಣ ಕಡ್ಡಿ ಬಿಡ್ಬೇಕು, ಸೇತುವೆ ಇದ್ದ ಹಾಂಗೆ." ಚಿತ್ರವಲ್ಲ ಎಂದವರೇ ಪೆನ್ನು ತೆಗೆದು, ಸಭೆಯ ಆಮಂತ್ರಣದ ಹಿಂದೆ ನಾಲ್ಕು ಬಗೆಯ ಸೇತುವೆ ಬರೆದು ತೋರಿಸಿದರು. ಮುಂದಿನ ಸಭೆಗೆ ಬರುವಾಗ ಕಾಗದ ಕೊರೆಯುವ ತಮ್ಮದೇ ಚಾಕು ತಂದುಕೊಟ್ಟರು. ಬ್ಲೇಡಿನಿಂದ ಬೆರಳು ಕೊಯ್ದುಕೊಂಡೀರಿ ಎಂದು ಬೈದೇ ಕೊಟ್ಟರು.

ಶಾಲೆಯಲ್ಲಿ ಬಿಸಿಯೂಟ ಮಾಡುವ ಕಾಮಿ ಇದನ್ನೆಲ್ಲ ದೂರದಿಂದ ನೋಡುತ್ತಿದ್ದಳು. ವೈಜಯಂತಿಯದೇ ವಾರಿಗೆ, ಕತ್ತಿನ ತುಂಬ ಮಣಿಸರ, ಬಾಯಿ ತುಂಬ ಮಾತು. ಶಾಲೆಯ ಮೆಟ್ಟಿಲು ಹತ್ತಿದ್ದು ಅಡುಗೆಗೆ ಬಂದ ಮೇಲೆಯೇ. ೨೦೦೬ರ ಜನವರಿಯಲ್ಲಿ ಒಂದು ದಿನ ಪಾತ್ರೆ ತೊಳೆದು ಕೈ ಒರೆಸಿಕೊಳ್ಳುತ್ತ ಬಂದು ನಿಂತಳು.

"ಅಕ್ಕೋರೆ, ನಂಗೂ ಒಂದು ಪುಸ್ತಕ ಬೇಕಾಗಿತ್ತು."

"ಯಾರಿಗೆ ಕಾಮಿ, ಮಗನಿಗಾ?"

"ಅವಂಗೆ ಯಾಕ್ರಾ? ನಂಗೇ. ನಂಗೆ ಬರಿಯೂಕೆ ಬರೂದಿಲ್ಲ ಖರೆ. ನಿಮ್ಗೆ ಚಿತ್ರ ಬರಿಯೂಕೆ ಬರ್ತದ್ಯಾ? ತೂತು ಹಾಳೆಲಿ ಹೊಡಿತ್ರಿ ಅಲ್ರಾ? ನಾನೂ ಹೊಡಿತೆ."

ವೈಜಯಂತಿಗೆ ಏನೋ ಹೊಳೆದಂತಾಯಿತು. ಆ ರವಿವಾರ ಕಾಮಿ ಬಾಳೆಗುಳಿಯ ಮನೆಗೆ ಬಂದಳು. ಇಬ್ಬರೂ ಜಗಲಿಯಲ್ಲಿ ಕೂತು ಕಾಮಿಗೆ ಬೇಕಾದ ಹಾಳೆಗಳನ್ನು ಕೊರೆದರು. ಶಾಲೆಗೆ ಸಟ್ಟುಗ, ಗದ್ದೆ ಕೆಲಸಕ್ಕೆ ಕತ್ತಿ, ನೆಂಟರು ಬಂದರೆ ಚೊಂಬು, ಮೀನಿಗೆ ಮೀನು. ಪುಟಕ್ಕೆ ಹಿಡಿಸುವ ಸಣ್ಣವನ್ನು ಹುಡುಕಿ, ಎಲ್ಲವನ್ನೂ ನಿಜವಾದದ್ದನ್ನೇ ಇಟ್ಟು ಗೀರಿದ್ದು; ಏಡಿ, ಹೂವಿನ ಹಾಳೆಗಳನ್ನು ವೈಜಯಂತಿ ತನ್ನವುಗಳಲ್ಲೇ ಕೊಟ್ಟಳು. ಚೊಂಬು ಉರುಳದಂತೆ ದೇವಿದಾಸ ಹಿಡಿದುಕೊಂಡಿದ್ದ. ಆ ವರ್ಷದ ಪುಕ್ಕಟೆ ಡೈರಿಯೊಂದರಲ್ಲಿ ಕೆಂಪು ಅಕ್ಷರದ ದಿನ ರವಿವಾರವೆಂದು ತೋರಿಸಿದರೆ ಸಾಕಾಯಿತು, ಉಳಿದ ವಾರಗಳನ್ನು ಕಾಮಿ ತಾನೇ ಲೆಕ್ಕ ಹಿಡಿದಳು.

ಒಂದು ತಿಂಗಳ ಮೇಲೆ ವೈಜಯಂತಿ ಆ ಪುಸ್ತಕ ತೆರೆದು ನೋಡಿ ಬೆರಗಾದಳು. ದಿನವೂ ಒಂದೆರಡು ಗುರುತು, ಕೆಲವು ದಿನ ಪುಟದ ತುಂಬ.

"ಇಷ್ಟೊಂದು ಏಡಿ ಯಾಕೆ ಮಾರಾಯ್ತಿ? ದಿನಾ ಏಡಿ ಸಾರಾ?"

ಕಾಮಿ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ತಿಂದದ್ದಲ್ರಾ. ಏಡಿ ಅಂದ್ರೆ ಮನೇಲಿ ಗಂಡನ ಸಂಗ್ಡ ಜಗಳ. ಎರಡು ಏಡಿ ಮುಖಾಮುಖಿ ಇದ್ರೆ ದೊಡ್ಡ ಜಗಳ."

"ಈ ಏಡಿಯ ಮೇಲೆ ಹೂವು ಉಂಟಲಾ?"

"ಅದು... ಸಂಜೀಕೆ ರಾಜಿ ಆಯ್ತು," ಎಂದು ಕಾಮಿ ಪುಸ್ತಕ ಕಸಿದುಕೊಂಡಳು.

ಮಾರ್ಚಿನಲ್ಲಿ ಕಾಮಿಯ ಮಗ ಹುಲಿಯಾನಿಗೆ ಹೆಣ್ಣು ಗೊತ್ತಾಯಿತು. ಹುಡುಗಿ ಬೆಳಂಬಾರದ ತಿಮ್ಮಿ. ಮದುವೆ ಮೇ ತಿಂಗಳಲ್ಲಿ. ಕಾಮಿ ಪುಸ್ತಕದ ಮುಂದಿನ ಪುಟಗಳಿಗೆ ಹೋದಳು. ನಡೆದದ್ದಕ್ಕಷ್ಟೇ ಗುರುತು ಹಾಕುತ್ತಿದ್ದವಳು ಈಗ ನಡೆಯಬೇಕಾದದ್ದಕ್ಕೂ ಹಾಕಿದಳು. ಅಕ್ಕಿ ಮಾಡಿಸುವ ದಿನಕ್ಕೆ ಒನಕೆ, ಬಾಳೆ ಎಲೆ ಹೇಳಿ ಬರುವ ದಿನಕ್ಕೆ ಎಲೆ, ಗುಮಟೆ ಬಾರಿಸುವವರನ್ನು ಕರೆಯುವ ದಿನಕ್ಕೆ ಗುಮಟೆ, ಅಡುಗೆಯ ದೊಡ್ಡ ಪಾತ್ರೆಗಳನ್ನು ಬಾಡಿಗೆಗೆ ಹೇಳಿ ಇಡುವ ದಿನಕ್ಕೆ ಹಂಡೆ. ಇಂಥ ದೊಡ್ಡವನ್ನು ಮಕ್ಕಳ ಆಟದ ಸಾಮಾನಿಟ್ಟು ಗೀರಿದ್ದರು. ಈ ಮದುವೆಯ ಪುಟಗಳು ಚೆಂದ ಕಾಣಲೆಂದು ವೈಜಯಂತಿಯೇ ಬಣ್ಣ ಕಲಸಿಕೊಟ್ಟಳು. ಬೆರಳಿಗೆ ಹತ್ತದಿರಲಿ ಎಂದು ಅದಕ್ಕೆ ಒಂದಿಷ್ಟು ಗೋಂದನ್ನೂ ಸೇರಿಸಿದಳು.

ಮದುವೆಗೆ ಎರಡು ದಿನ ಇದೆ ಎನ್ನುವಾಗ ಬೆಳಿಗ್ಗೆಯೇ ಕಾಮಿ ಪುಸ್ತಕ ಕಂಕುಳಲ್ಲಿ ಇಟ್ಟುಕೊಂಡು ಓಡಿ ಬಂದಳು.

"ಅಕ್ಕೋರೆ, ನನ್ನ ಹಂಡೆ ಎಲ್ಲಿ ಹೋಯ್ತು?"

"ಯಾವ ಹಂಡೆ?"

"ಪುಸ್ತಕದ ಹಂಡೆ! ಒನಕೆ ಮುಗಿತು, ಎಲೆ ಮುಗಿತು, ಗುಮಟೆಯೂ ಮುಗಿತು. ಹಂಡೆ ಬರೂದನ್ನೇ ಕಾಯ್ತಾ ಇದ್ದೆ. ಬರ್ಲೇ ಇಲ್ಲ!"

ವೈಜಯಂತಿ ಪುಟ ತಿರುಗಿಸಿದಳು. ಒಂದು ಕಡೆ ಹಾಳೆ ದಪ್ಪವಾಗಿತ್ತು. ಉಗುರು ತೂರಿಸಿ ಬಿಡಿಸಿದರೆ ಚರ್ ಎಂದು ಎರಡು ಪುಟಗಳು ಬೇರೆಯಾದವು. ಬೇಸಿಗೆಯ ಬೆವರಿಗೆ ಗೋಂದು ಕರಗಿ ಅಂಟಿಕೊಂಡಿತ್ತು. ಒಳಗೆ ಹಂಡೆ ಕುಳಿತಿತ್ತು, ಒಂದಲ್ಲ, ಈಚೆ ಪುಟದಲ್ಲೊಂದು, ಆಚೆ ಪುಟದಲ್ಲೊಂದು.

ಬಾಡಿಗೆಯ ಪಾತ್ರೆಗಳೆಲ್ಲ ಅದಾಗಲೇ ಬೇರೆ ಮದುವೆಗಳಿಗೆ ಹೋಗಿದ್ದವು. ಕಾಮಿ ಕುಕ್ಕರುಗಾಲಿನಲ್ಲಿ ಕೂತುಬಿಟ್ಟಳು. ದೇವಿದಾಸ ಇಬ್ಬರನ್ನೂ ನೋಡಿದ.

"ಬಣ್ಣಕ್ಕೆ ಗೋಂದು ಹಾಕಿದ್ದು ಯಾರು?"

"ನಾನೇ," ಎಂದಳು ವೈಜಯಂತಿ.

"ಹಾಂಗಾದ್ರೆ ಹಂಡೆ ಹುಡ್ಕೂದೂ ನಾವೇ. ಏಳು, ಸೀರೆ ಬದಲು ಮಾಡು. ಕಾಮಿ, ನೀ ಮನೆಗೆ ಹೋಗಿ ಒಲೆ ತೋಡಿಸು. ಪಾತ್ರೆ ಬರ್ತದೆ."

ಅಂದು ಅಂಕೋಲೆಯಲ್ಲಿ ಡೈರಿ ಪಡೆದ ಒಬ್ಬ ಅಕ್ಕೋರನ್ನೂ ಅವರು ಬಿಡಲಿಲ್ಲ. ಒಬ್ಬರ ಮನೆಯಿಂದ ಅನ್ನದ ಚರಿಗೆ, ಇನ್ನೊಬ್ಬರಿಂದ ದೊಡ್ಡ ಬೋಗುಣಿ, ಮತ್ತೊಬ್ಬರಿಂದ ಜರಡಿ, ಸೌಟು. ಎಲ್ಲಕ್ಕಿಂತ ದೊಡ್ಡ ಹಂಡೆ ಇದ್ದದ್ದು ಕಾರವಾರದ ತವರಿನಲ್ಲಿ. ವೈಜಯಂತಿ ಬಸ್ಸು ಹತ್ತಿ ಹೋದಳು. ಆಯಿ ಅಟ್ಟದಿಂದ ಹಂಡೆ ಇಳಿಸಿ ಕೊಡುತ್ತ ಕೇಳಿದಳು, "ಯಾರ ಮನೆ ಕಾರ್ಯ ಬಾಯಿ?"

"ನನ್ನ ಗೆಳತಿಯದು," ಎಂದಳು ವೈಜಯಂತಿ. ಹಾಗೆ ಹೇಳಿದ ಮೇಲೆಯೇ ಅದು ನಿಜವೆಂದು ಅವಳಿಗೆ ಗೊತ್ತಾದದ್ದು.

ತಿರುಗಿ ಬರುವಾಗ ಕಂಡಕ್ಟರು ಹಂಡೆಗೆ ಜಾಗವಿಲ್ಲ ಎಂದ. ಆಮೇಲೆ ಅದನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ತಿರುವು ಬಂದಾಗಲೆಲ್ಲ ತಾನೇ ಒಂದು ಕೈ ಕೊಟ್ಟು ಹಿಡಿದುಕೊಂಡ.

ಸಂಜೆ ಬಾಳೆಗುಳಿಯ ಅಂಗಳದಲ್ಲಿ ಪಾತ್ರೆಗಳ ರಾಶಿ ನೋಡಿ ವೈಜಯಂತಿಗೆ ಹೊಸ ಚಿಂತೆ ಹತ್ತಿತು. ಎಲ್ಲವೂ ಒಂದೇ ತರ ಹೊಳೆಯುತ್ತಿವೆ. ತಿರುಗಿ ಕೊಡುವಾಗ ಯಾವುದು ಯಾರದ್ದು? ಅಷ್ಟರಲ್ಲಿ ಸುದ್ದಿ ಕೇಳಿದ ರಾಜೀವ ಮಾಸ್ತರರು ಲೂನಾ ಗಾಡಿಯ ಹಿಂದೆ ಕಡಾಯಿ ಕಟ್ಟಿಕೊಂಡು ಗಡಗಡ ಸದ್ದು ಮಾಡುತ್ತ ಬಂದರು.

"ಅಕ್ಕೋರೆ, ನನ್ನ ಹೆಂಡತಿ ಹೇಳಿದ್ದಾಳೆ, ಕಡಾಯಿ ಅದಲು ಬದಲು ಆದ್ರೆ ನಾ ಮನೆಗೆ ಬರೂದೇ ಬ್ಯಾಡ ಅಂತ. ನಿಮ್ಮ ಅಚ್ಚು ತೆಗೀರಿ."

ಕೇಣಿಯ ದೋಣಿಯವರಲ್ಲಿ ಉಳಿದ ಬಿಳಿ ಬಣ್ಣ ತರಿಸಿದರು. ಮಾಸ್ತರರು ಧೋತರ ಎತ್ತಿ ಕಟ್ಟಿ ಕೂತು, ಒಂದು ಮನೆಯ ಪಾತ್ರೆಗಳ ಕಿವಿಯ ಹತ್ತಿರ ಮೀನು, ಇನ್ನೊಂದು ಮನೆಯವಕ್ಕೆ ಗೋಳಿ ಎಲೆ ಒತ್ತುತ್ತ ಹೋದರು; ಕಾರವಾರದ ಹಂಡೆಗೆ ಮಾತ್ರ ವೈಜಯಂತಿಯೇ ಹೂವು ಒತ್ತಿದಳು. ನಿಮ್ಮ ಕಡಾಯಿಗೆ ಏನು ಹಾಕಲಿ ಎಂದು ಅವಳು ಕೇಳಿದಾಗ ಮಾಸ್ತರರು ಹಾಳೆಗಳನ್ನೆಲ್ಲ ತಿರುವಿ ಏಡಿಯನ್ನು ಆರಿಸಿಕೊಂಡರು. ಕಾಮಿಯ ಪುಸ್ತಕದಲ್ಲಿ ಅದಕ್ಕೆ ಏನು ಅರ್ಥ ಎಂದು ಗೊತ್ತಿದ್ದ ದೇವಿದಾಸ ನಗು ತಡೆಯಲಾರದೆ ಒಳಗೆ ಎದ್ದು ಹೋದ.

ಮದುವೆ ಜೋರಾಗಿಯೇ ಆಯಿತು. ಗುಮಟೆ ಬಿಡದೆ ಮೊಳಗಿತು, ಅನ್ನ ಸಾಲದೆ ಹೋಗಲಿಲ್ಲ, ಪಾಯಸ ಮಾತ್ರ ಸ್ವಲ್ಪ ತಳ ಹಿಡಿಯಿತು. ಉಣ್ಣಲು ಕೂತವರು ಬಡಿಸುವ ಪಾತ್ರೆಗಳ ಮೇಲಿನ ಬಿಳಿ ಮೀನು, ಎಲೆಗಳನ್ನು ತೋರಿಸಿಕೊಂಡು ಇದು ಯಾವ ಊರಿನ ಪದ್ಧತಿ ಎಂದು ಕೇಳಿಕೊಂಡರು. ಯಾವ ಪಾತ್ರೆಯೂ ದಾರಿ ತಪ್ಪಲಿಲ್ಲ. ಮೂರನೆಯ ದಿನ ವೈಜಯಂತಿ ಮತ್ತು ಕಾಮಿ ರಿಕ್ಷಾದಲ್ಲಿ ಮನೆ ಮನೆಗೆ ಹೋಗಿ ಅವನ್ನು ತಲುಪಿಸಿದರು. ಹಂಡೆ ಕೊಡಲು ಕಾರವಾರಕ್ಕೆ ಹೋಗುವಾಗ ಕಾಮಿಯೂ ಬಸ್ಸು ಹತ್ತಿದಳು. ಬಿಳಿ ಬಣ್ಣ ತಿಕ್ಕಿ ತೆಗೆಯುತ್ತೇವೆ ಎಂದರೆ ಆಯಿ ಬಿಡಲಿಲ್ಲ. ಹೂವಿನ ಮೇಲೆ ಬೆರಳಾಡಿಸಿ, "ಇರಲಿ, ಇದು ವೈಜೂನ ಕೈ," ಎಂದು ಹಂಡೆಯನ್ನು ಅಟ್ಟಕ್ಕೆ ಏರಿಸದೆ ಪಡಸಾಲೆಯಲ್ಲೇ ಇಟ್ಟಳು. ನಂತರ ಕಾಮಿಯನ್ನು ಕೂರಿಸಿ ಚಾ ಕೊಟ್ಟಳು. ಇಬ್ಬರೂ ಹೊತ್ತು ಹೋದದ್ದು ತಿಳಿಯದೆ ಮಾತಾಡಿದರು; ಆಯಿಯದು ಅರ್ಧ ಕೊಂಕಣಿ, ಕಾಮಿಯದು ಅವಳ ಮನೆಮಾತು, ಆದರೂ ಯಾವುದೂ ಅರ್ಥವಾಗದೆ ಉಳಿದಂತೆ ಕಾಣಲಿಲ್ಲ. ವೈಜಯಂತಿ ಹೊರಗಿನ ಮೆಟ್ಟಿಲ ಮೇಲೆ ಕೂತು, ಕಡಲ ಕಡೆಯಿಂದ ಬರುವ ಗಾಳಿಗೆ ಮುಖ ಕೊಟ್ಟು, ಕೊನೆಯ ಬಸ್ಸಿಗೆ ಇನ್ನೂ ಹೊತ್ತಿದೆ ಎಂದು ನಿಶ್ಚಿಂತೆಯಿಂದ ಅವರ ಮಾತು ಕೇಳುತ್ತಿದ್ದಳು.