ಅಂಕಮ್ಮನ ಮಡಕೆಯ ಹುಣಸೆಬೀಜ

ಇಪ್ಪತ್ತನಾಲ್ಕು ತುಂಬಿದ ಜಯಸಿಂಹನಿಗೆ ಅಮ್ಮ ಇವತ್ತಿಗೂ ಮೊಸರನ್ನದ ಜೊತೆ ಉಪ್ಪಿನಕಾಯಿಯನ್ನು ಬೇರೆ ಪೊಟ್ಟಣ ಕಟ್ಟಿ ಕಳಿಸುತ್ತಿದ್ದರು. ಇಂಥವನಿಗೆ ಸರ್ಕಾರ ಆರು ತಿಂಗಳ ಹಂಗಾಮಿ ಕೆಲಸ ಕೊಟ್ಟು, ದುಡಿಯುವ ತಾಯಂದಿರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ, ಬರೆದುಕೊಂಡು ಬಾ ಎಂದು ಅಟ್ಟಿತ್ತು. ಜಯನಗರದ ಮನೆಯಲ್ಲಿ ತನ್ನ ಹಾಸಿಗೆಯನ್ನೂ ಮಡಿಸದೆ ಹೊರಟವನು, ೧೯೮೩ರ ಒಂದು ಬೆಳಿಗ್ಗೆ ಕನಕಪುರ ರಸ್ತೆಯಲ್ಲಿ ಬಸ್ಸಿಳಿದು, ಜರಗನಹಳ್ಳಿಯ ಪಂಚಾಯ್ತಿ ಕಟ್ಟಡಕ್ಕೆ ಬಂದ.

ಅದರ ಹಿಂದಿನ ಕೋಣೆಯಲ್ಲಿ ಅಂಕಮ್ಮ ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಅವಳೇನು ಕಲಿತು ಬಂದವಳಲ್ಲ. ಹನ್ನೊಂದು ವರ್ಷದ ಹಿಂದೆ ಗಾರೆ ಕೆಲಸದಲ್ಲಿ ಸಾರುವೆಯಿಂದ ಬಿದ್ದು ಸೊಂಟ ಉಳುಕಿ ಮಲಗಿದ್ದಾಗ, ಪಕ್ಕದ ಮನೆ ರುದ್ರಮ್ಮ ತನ್ನ ಕೂಸನ್ನು ತಂದು ಮಗ್ಗುಲಲ್ಲಿ ಮಲಗಿಸಿ, "ಹೆಂಗೂ ಬಿದ್ಕೊಂಡಿದ್ದೀಯಲ್ಲ, ಇದನ್ನೂ ನೋಡ್ಕೊ" ಅಂದು ಕೆಲಸಕ್ಕೆ ಹೋಗಿದ್ದಳು. ಯುಗಾದಿ ಹೊತ್ತಿಗೆ ಮಗ್ಗುಲಲ್ಲಿ ಹತ್ತು ಕೂಸು. ಸೊಂಟ ನೆಟ್ಟಗಾಯಿತು, ಕೂಸುಗಳು ಹೋಗಲಿಲ್ಲ.

ಈಗ ಆ ಕೋಣೆಯ ಮೇಲೆ ಪಂಚಾಯ್ತಿ ಮೆಂಬರ್ ಸಿದ್ದಲಿಂಗಯ್ಯನವರ ಕಣ್ಣು ಬಿದ್ದಿತ್ತು. ಸಂಜೆ ನಾಲ್ಕಕ್ಕೆ ಸಭೆ. ಇಪ್ಪತ್ತೈದಾದರೂ ಮಕ್ಕಳಿದ್ದಾರೆಂದು ಜಯಸಿಂಹನ ಫಾರಂ ಹೇಳಿದರೆ ಕೋಣೆ ಅಂಕಮ್ಮನದು, ಜೊತೆಗೆ ಸರ್ಕಾರದ ಹಾಲಿನಪುಡಿ. ಇಲ್ಲವಾದರೆ ಅಲ್ಲಿ ಮೆಂಬರ್ ಸಾಹೇಬರ ಸಿಮೆಂಟು ಮೂಟೆ.

ಜಯಸಿಂಹ ಬೆರಳು ತೋರಿಸಿ, "ಒಂದು, ಎರಡು..." ಎಂದು ಏಳರವರೆಗೆ ಹೋದ. ಅಂಕಮ್ಮ ಆ ಬೆರಳನ್ನು ತಟ್ಟಿ ಇಳಿಸಿದಳು.

"ಕುರಿಗಳೇನ್ ಸಾಮಿ ಇವು? ಮಕ್ಕಳನ್ನ ಯಾರಾದ್ರೂ ಎಣಿಸ್ತಾರಾ? ದೃಷ್ಟಿ ತಾಗಲ್ವಾ?"

"ಏಳೇ ಇವೆಯಲ್ಲಮ್ಮ. ಮಿಕ್ಕವು?"

"ನಿಮ್ಮ ಪ್ಯಾಂಟು ಕಾಣ್ತಿದ್ದಂಗೇ ರುದ್ರಮ್ಮ ಹಿತ್ತಲಿಗೆ ಸಾಗಿಸಿದ್ಲು. ಎಮರ್ಜೆನ್ಸೀಲಿ ಹಿಂಗೇ ಒಬ್ರು ಬಂದು ಯಾರಿಗೆ ಎಷ್ಟು ಮಕ್ಕಳು ಅಂತ ಬರ್ಕೊಂಡು ಹೋದ್ರು. ಮುಂದಿನ ವಾರ ಆಪರೇಷನ್ ಜೀಪ್ ಬಂತು."

"ನಾನು ಅಂಥೋನಲ್ಲಮ್ಮ."

"ಅವ್ರೂ ನಿಮ್ಮಂಗೇ ಸಾಧು ಥರ ಇದ್ರು."

ಸೋತ ಮೋರೆ ನೋಡಿ ಅವಳಿಗೆ ಕನಿಕರ ಬಂತೇನೋ. ಬಾಗಿಲ ಮೂಲೆಯ ಮಡಕೆಯನ್ನು ಮುಂದಿಟ್ಟಳು. ಬೆಳಿಗ್ಗೆ ಮಗು ಬಿಡುವಾಗ ತಾಯಿ ಒಂದು ಹುಣಸೆಬೀಜ ಹಾಕಬೇಕು. ಸಂಜೆ ಬೀಜ ತೆಗೆದುಕೊಂಡು ಮಗು ಕರೆದೊಯ್ಯಬೇಕು. ಮಡಕೆ ಬರಿದಾದ ಮೇಲೇ ಅವಳು ಬಾಗಿಲು ಹಾಕುವುದು.

"ಬೀಜ ಎಣಿಸ್ಕೊಳ್ಳಿ. ಅದಕ್ಕೆ ದೃಷ್ಟಿ ತಾಗಲ್ಲ."

ಬಿ.ಕಾಂ. ಓದಿದವನು ಎರಡು ಸಲ ತಪ್ಪಿ, ಮೂರನೇ ಸಲಕ್ಕೆ ಮೂವತ್ತೊಂದು ಎಂದೂ, ಪಕ್ಕದಲ್ಲಿ 'ಹುಣಸೆಬೀಜದ ಲೆಕ್ಕ' ಎಂದೂ ಬರೆದ. ಜಗುಲಿಯಲ್ಲಿ ಅಂಕಮ್ಮನ ಎದುರೇ ಕೂತು, ಉಪ್ಪಿನಕಾಯಿ ಪೊಟ್ಟಣ ಬಿಚ್ಚಿ ಮೊಸರನ್ನ ತಿಂದ.

ಸಭೆಯಲ್ಲಿ ಸಿದ್ದಲಿಂಗಯ್ಯ, "ತಾಯಿ ಅನ್ನೋಳು ಇದ್ದ ಮೇಲೆ ಸರ್ಕಾರಕ್ಕೆ ಯಾಕ್ರೀ ತೊಟ್ಟಿಲು ತೂಗೋ ಉಸಾಬರಿ?" ಎಂದರು. ಜಯನಗರದ ಮಹಿಳಾ ಸಮಾಜದಿಂದ ಬಂದಿದ್ದ ಗಿರಿಜಾದೇವಿ, ಮಗು ನಾಡಿನ ಆಸ್ತಿ ಎಂದು ಮುಕ್ಕಾಲು ಗಂಟೆ ಮಾತಾಡಿದರು. ಗೋಡೆಯಾಚೆ ಒಂದು ಕೂಸು ಅಳುತ್ತಲೇ ಇತ್ತು. ಅದಕ್ಕೆ ಏನು ಬೇಕಿತ್ತೋ ಎಂದು ಜಯಸಿಂಹನಿಗೆ ಕುತೂಹಲ, ಕೇಳುವ ಧೈರ್ಯವಿಲ್ಲ.

ಫಾರಂ ಓದಿದ್ದೇ ಸಿದ್ದಲಿಂಗಯ್ಯ ನಕ್ಕರು. "ಹುಣಸೆಬೀಜಕ್ಕೆ ಹಾಲಿನಪುಡಿ ಕಲಸಿ ಕುಡಿಸ್ತೀರೇನಯ್ಯಾ?"

ಅಂಕಮ್ಮ ಬಾಗಿಲಲ್ಲಿ ನಿಂತು ಹೇಳಿದಳು: "ಐದೂವರೆವರೆಗೂ ಕೂತಿರಿ ಸಾಮಿ. ಕಣ್ಣಾರೆ ನೋಡಿ. ಎಣಿಸಬೇಡಿ, ಅಷ್ಟೆ."

ಕೂತರು. ಜೆ.ಪಿ. ನಗರದ ಗಾರೆ ಕೆಲಸದಿಂದ, ಜಯನಗರದ ಮನೆಗೆಲಸದಿಂದ ತಾಯಂದಿರು ಬಂದರು. ಒಂದು ಬೀಜ, ಒಂದು ಮಗು. ಹಿತ್ತಲಿನವೂ ಬಂದವು. ಕೊನೆಗೆ ಮಡಕೆಯಲ್ಲಿ ಒಂದೇ ಬೀಜ, ಕೋಣೆಯಲ್ಲಿ ಒಂದೇ ಕೂಸು. ಅಳುತ್ತಿದ್ದದ್ದು ಇದೇ.

"ಸರಿ, ಬಾಗಿಲು ಹಾಕು," ಎಂದರು ಸಿದ್ದಲಿಂಗಯ್ಯ.

"ಮಡಕೇಲಿ ಇನ್ನೂ ಬೀಜ ಇದೆಯಲ್ಲ," ಎಂದು ಅಂಕಮ್ಮ ಕೂಸನ್ನು ಅವರ ತೋಳಿಗೆ ಕೊಟ್ಟು ಗಂಜಿ ಕಾಯಿಸಲು ಹೋದಳು. ಕೂಸು ಅವರ ಅಂಗಿಯ ಗುಂಡಿ ಹಿಡಿದು ಸುಮ್ಮನಾಯಿತು. ಅವರು ಅದನ್ನು ತೋಳಲ್ಲೇ ತೂಗತೊಡಗಿದರು. ಸ್ವಲ್ಪ ಹೊತ್ತಿಗೆ, "ಯಾಕ್ರೀ ಇನ್ನೂ ಬಂದಿಲ್ಲ ಇದರ ತಾಯಿ?" ಎಂದು ಕೇಳಿದರು. ಇಡೀ ದಿನದಲ್ಲಿ ಆ ಮಗುವಿನ ಬಗ್ಗೆ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು.

"ಎಂಥ ತಾಯಿಯೋ!" ಎಂದರು ಗಿರಿಜಾದೇವಿ.

ಅಷ್ಟರಲ್ಲಿ ಕೂಸಿನ ತಾಯಿ ಅಣ್ಣಮ್ಮ ಏದುಸಿರು ಬಿಡುತ್ತಾ ಬಂದಳು. "ತಪ್ಪಾಯ್ತಕ್ಕ! ನಮ್ಮ ಅಮ್ಮಾವ್ರು ಅದ್ಯಾವುದೋ ಮಕ್ಕಳ ಮೀಟಿಂಗಿಗೆ ಹೋದೋರು ಬರಲೇ ಇಲ್ಲ, ಬರೋಗಂಟ ಮನೇಲಿರು ಅಂದಿದ್ರು, ಕಾದೂ ಕಾದೂ ಪಕ್ಕದ ಮನೆಗೆ ಬೀಗದಕೈ ಕೊಟ್ಟು..." ಆಗ ಗಿರಿಜಾದೇವಿಯವರನ್ನು ಕಂಡಳು. "ಅಮ್ಮಾವ್ರೇ, ನೀವಿಲ್ಲೇ ಇದ್ದೀರಾ?" ಎಂದಳು.

ಗಿರಿಜಾದೇವಿ ಮಡಕೆಯಿಂದ ಬೀಜ ತೆಗೆದು ಅಣ್ಣಮ್ಮನ ಕೈಗೆ ತಾವೇ ಕೊಟ್ಟರು.

"ಇನ್ನೊಂದ್ಸಲ ಹೇಳು, ಎಷ್ಟು ಅಂತ ಬರ್ದಿದ್ದೀಯಯ್ಯಾ?" ಸಿದ್ದಲಿಂಗಯ್ಯ ಒದ್ದೆಯಾದ ಅಂಗಿ ಕೊಡವುತ್ತಾ ಕೇಳಿದರು.

"ಮೂವತ್ತೊಂದು ಸಾರ್."

"ಇರ್ಲಿ, ತಾ, ರುಜು ಹಾಕ್ತೀನಿ. ಸಿಮೆಂಟು ನಮ್ಮ ದನದ ಕೊಟ್ಟಿಗೇಲಿ ಇಟ್ಕೋತೀನಿ."

ಜಯಸಿಂಹ ಚೀಲ ಹೆಗಲಿಗೇರಿಸಿದ. ಬರಿದಾದ ಮಡಕೆ ಕವುಚಿಡುತ್ತಾ ಅಂಕಮ್ಮ ಅಂದಳು: "ಬಿರ್‍ರನೆ ಹೋಗಿ ಸಾಮಿ. ಉಪ್ಪಿನಕಾಯಿ ಬೇರೆ ಕಟ್ಟಿ ಕಳಿಸಿರೋ ತಾಯಿ, ನಿಮ್ಮನ್ನ ನೋಡೋವರೆಗೂ ಬಾಗಿಲು ಹಾಕಿರಲ್ಲ."